ಅವಳ ದನಿಗೆಂದು ಹಿಡಿದಿಟ್ಟ ಜಾಗ

ಕಾದಂಬರಿಯ ನಾಯಕಿ ಹಡಗಿನ ಕಂಬಿ ಹಿಡಿದು ನಿಂತು ಇನ್ನೇನು ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡಬೇಕು, ಅಷ್ಟರಲ್ಲಿ ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು: ಡಿಸ್ಕ್‌ನಲ್ಲಿ ಜಾಗವಿಲ್ಲ.

ಓದುತ್ತಿದ್ದವಳು ಮೈಕಿನ ಮುಂದೆ ಬಾಯಿ ತೆರೆದುಕೊಂಡು ಹಾಗೆಯೇ ಕೂತಳು. ಮಧ್ಯಾಹ್ನವೆಲ್ಲ ಓದಿದ ಅಧ್ಯಾಯ ಮಣ್ಣುಪಾಲು. ಮತ್ತೆ ಮೊದಲಿಂದ ಶುರು ಮಾಡಬೇಕು.

ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ರೆಕಾರ್ಡ್ ಮಾಡಿಡುವ ಗ್ರಂಥಾಲಯ ಅದು. ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿದ ಪುಟ್ಟ ಕೋಣೆಯಲ್ಲಿ ಕೂತು ಓದುವುದು ಅವಳ ಕೆಲಸ. ಅವಳ ದನಿ ಅಂದರೆ ಕೇಳುಗರಿಗೆ ಪ್ರಾಣ. ಫೋನ್ ಮಾಡಿ, ಮುಂದಿನ ಭಾಗ ಯಾವಾಗ ಎಂದು ದುಂಬಾಲು ಬೀಳುತ್ತಿದ್ದರು. ಅಂಥ ದನಿಯವಳಿಗೆ ಕೋಪ ಬರುವುದು ಅಪರೂಪ. ಬಂದಾಗ ಮಾತ್ರ ದೂರ ನಿಲ್ಲುವುದು ಕ್ಷೇಮ.

ಹೆಡ್‌ಫೋನ್ ಕಿತ್ತಿಟ್ಟು, ಕಾರಿಡಾರ್ ದಾಟಿ, ಯಂತ್ರಗಳ ಕೋಣೆಯ ಬಾಗಿಲು ದಬ್ಬಿದಳು.

“ಯಾರ್ರೀ ಇಲ್ಲಿ ಡಿಸ್ಕ್ ನೋಡ್ಕೊಳ್ಳೋರು?”

ಮಿಣುಗುವ ನೀಲಿ ದೀಪಗಳ ಸಾಲಿನ ಹಿಂದಿನಿಂದ ಒಂದು ತಲೆ ಎದ್ದಿತು. ಹೊಸದಾಗಿ ಕೆಲಸಕ್ಕೆ ಸೇರಿದವನು. ಕಿವಿಯ ಮೇಲೆ ಪೆನ್ಸಿಲ್, ಮೂಗಿನ ತುದಿಯಲ್ಲಿ ಧೂಳು.

“ನಾನೇ.”

“ನಿಮ್ಮ ಡಿಸ್ಕು ಜಾಗ ಇಲ್ಲ ಅಂತಿದೆ. ಕೆಳಗೆ ನೋಡಿದ್ರೆ ಇನ್ನೂ ಸ್ವಲ್ಪ ಖಾಲಿ ಅಂತ ತೋರಿಸ್ತಿದೆ. ಎರಡರಲ್ಲಿ ಯಾವುದು ಸುಳ್ಳು?”

“ಎರಡೂ ನಿಜ.”

“ಆಹಾ! ಅದು ಹೇಗಪ್ಪಾ?”

ಅವನು ಮೂಗು ಒರೆಸಿಕೊಂಡ. ಧೂಳು ಕೆನ್ನೆಗೆ ಬಂತು. “ಆ ಖಾಲಿ ಇರೋದು ನಮಗಲ್ಲ. ಸಿಸ್ಟಮ್ ತನಗೇ ಅಂತ ಎತ್ತಿಟ್ಕೊಂಡಿರೋದು. ಪೂರ್ತಿ ತುಂಬಿ ಉಸಿರು ಕಟ್ಟಿದ್ರೆ, ಒಳಗೆ ಹೋಗಿ ಸರಿ ಮಾಡೋಕಾದ್ರೂ ನಿಲ್ಲೋಕೆ ಜಾಗ ಬೇಕಲ್ಲ.”

“ಅಂದ್ರೆ ಬಸ್ಸಿನ ಸೀಟಿಗೆ ಕರ್ಚೀಫ್ ಹಾಕಿಟ್ಟ ಹಾಗೆ.”

ಅವಳು ಕೊಂಕಾಗಿ ಆಡಿದ ಮಾತು ಅದು. ಅವನು ಮಾತ್ರ ಸೀರಿಯಸ್ಸಾಗಿ ಯೋಚಿಸಿದ. “ಹೌದು. ಥೇಟ್ ಹಾಗೇನೇ,” ಎಂದು ನಕ್ಕ. ಆ ನಗು ಮೊದಲು ಕಣ್ಣಿಗೆ ಬಂದು, ತುಟಿಗೆ ಇಳಿಯುವಷ್ಟರಲ್ಲಿ ತಡವಾಗಿತ್ತು. ಅವಳು ಅದನ್ನು ನೋಡುತ್ತ ನಿಂತವಳು, ಬೈಯಲು ತಂದಿದ್ದ ಮಾತಿನಲ್ಲಿ ಅರ್ಧ ಮರೆತಳು.

“ಇನ್ಮೇಲೆ ನಿಮ್ಮ ಓದು ನಿಲ್ಲಲ್ಲ,” ಎಂದ.

“ನೋಡೋಣ,” ಎಂದು ತಿರುಗಿ ಬಂದಳು. ಕಾರಿಡಾರಿನಲ್ಲಿ ಯಾಕೋ ನಡಿಗೆ ನಿಧಾನವಾಗಿತ್ತು.

ಗ್ರಂಥಾಲಯದ ಯಜಮಾನಿಕೆ ಅವಳ ಚಿಕ್ಕಮ್ಮನದು. ತೆರೆದ ನಲ್ಲಿ ಕಂಡರೆ ಓಡಿಹೋಗಿ ಮುಚ್ಚುವ, ಉರಿಯುವ ಬಲ್ಬು ಕಂಡರೆ ಆರಿಸುವ ಹೆಂಗಸು. ಹಿಂದೊಮ್ಮೆ ಯಾರೋ ಓದುವವರು ಮೈಕ್ ಆರಿಸದೆ ಮನೆಗೆ ಹೋಗಿ, ಬೆಳಗಿನವರೆಗೂ ಬರೀ ಫ್ಯಾನಿನ ಸದ್ದು ರೆಕಾರ್ಡ್ ಆಗಿ ಡಿಸ್ಕ್ ತುಂಬಿತ್ತು. ಅಂದಿನಿಂದ ಚಿಕ್ಕಮ್ಮನ ಕಟ್ಟಪ್ಪಣೆ: ಒಂದು ನಿಮಿಷ ಮಾತು ನಿಂತರೆ ರೆಕಾರ್ಡಿಂಗ್ ಪ್ರೋಗ್ರಾಂ ತಾನೇ ಫೈಲ್ ಮುಚ್ಚಬೇಕು. ಹಾಗೆಯೇ, ಕಾದಂಬರಿಯ ಒಂದು ಭಾಗ ಪೂರ್ತಿ ಮುಗಿದ ಮೇಲಷ್ಟೇ ಇನ್ನೊಂದು ಡಿಸ್ಕಿಗೆ ನಕಲು ಮಾಡಬೇಕು. ಅರೆಬರೆ ನಕಲಿಗೆ ಜಾಗ ಸುರಿಯಲು ಇದೇನು ಧರ್ಮಛತ್ರವೇ ಎಂಬುದು ಅವರ ವಾದ.

ಹೊಸಬನಿಗೆ ಚಿಕ್ಕಮ್ಮ ಎರಡೇ ದಿನದಲ್ಲಿ ಹೆಸರಿಟ್ಟರು: ಮುಗುಮ್‌ರಾಯ. “ಕೇಳಿದ್ದಕ್ಕೆ ಒಂದು ಮಾತು, ಕೇಳದಿದ್ರೆ ಅದೂ ಇಲ್ಲ. ಬಾಯಿಗೆ ಬೀಗ ಹಾಕ್ಕೊಂಡು ಹುಟ್ಟಿದಾನೆ ಮಹಾರಾಯ.”

ಆದರೆ ಹೇಳಿದ ಮಾತು ಉಳಿಸಿಕೊಂಡ. ಅಂದಿನಿಂದ ಅವಳ ಓದು ಒಂದು ಸಲವೂ ನಡುವೆ ನಿಲ್ಲಲಿಲ್ಲ.

ಓದುವ ಕೋಣೆಗೂ ಪಕ್ಕದ ಕೋಣೆಗೂ ನಡುವೆ ಒಂದು ಗಾಜು. ಅವಳು ಓದುವಾಗ ಅವನು ಗಾಜಿನ ಆಚೆ ಹೆಡ್‌ಫೋನ್ ಹಾಕಿ ಕೂರುತ್ತಿದ್ದ. ಕೆಮ್ಮು, ಪುಟ ತಿರುವಿದ ಸದ್ದು, ಕುರ್ಚಿಯ ಕಿರುಗುಟ್ಟು ಸಿಕ್ಕಿದಲ್ಲಿ ಗುರುತು ಹಾಕುವುದು ಅವನ ಕೆಲಸ. ಸಂಜೆಯ ಬಿಸಿಲು ಎತ್ತರದ ಕಿಟಕಿಯಿಂದ ಇಳಿದು ಅವನ ಭುಜದ ಮೇಲೆ ಕೂತು, ಆಮೇಲೆ ಮೇಜಿಗೆ ಜಾರುತ್ತಿತ್ತು. ಪುಟದಿಂದ ಕಣ್ಣೆತ್ತಿದಾಗಲೆಲ್ಲ ಅವಳಿಗೆ ಅದೇ ಕಾಣಬೇಕು.

ಇನ್ನೂ ಒಂದು ಕಾಣುತ್ತಿತ್ತು. ಅವಳು ಓದಲು ಶುರು ಮಾಡಿದ ಕೂಡಲೇ ಅವನು ಕಣ್ಣು ಮುಚ್ಚುತ್ತಿದ್ದ.

ಮೊದಮೊದಲು ಅದು ಚೆಂದ ಅನ್ನಿಸಿತ್ತು. ತನ್ನ ದನಿ ಅವನ ಮುಖದ ಮೇಲೆ ಓಡಾಡುವುದನ್ನು ಕದ್ದು ನೋಡುತ್ತ, ಬೇಕೆಂದೇ ಒಂದೆರಡು ಸಾಲು ಮೆಲ್ಲಗೆ ಓದುತ್ತಿದ್ದಳು. ಅವನ ಹುಬ್ಬು ಸ್ವಲ್ಪ ಏರುತ್ತಿತ್ತು. ಇವಳ ಕಿವಿ ಬಿಸಿಯಾಗುತ್ತಿತ್ತು.

ಆಮೇಲೆ ಗಂಟಲಿನಲ್ಲಿ ಗಂಟು ಕಾಣಿಸಿಕೊಂಡಿತು.

“ಸಣ್ಣ ಗಂಟು, ಪ್ರಾಣಕ್ಕೇನೂ ಅಪಾಯ ಇಲ್ಲ,” ಎಂದರು ಡಾಕ್ಟರು. “ತೆಗೀಲೇಬೇಕು. ಆದ್ರೆ ದನಿ ಹೀಗೇ ಇರುತ್ತೆ ಅಂತ ಮಾತು ಕೊಡೋಕಾಗಲ್ಲಮ್ಮ. ಬದಲಾಗಬಹುದು.”

ಕಾದಂಬರಿಯ ಕೊನೆಯ ಭಾಗ ಬಾಕಿಯಿತ್ತು. ಆಪರೇಷನ್ ದಿನ ಗೊತ್ತಾಗಿತ್ತು. ಅದರೊಳಗೆ ಮುಗಿಸಿದರೆ ಆಯಿತು, ಇಲ್ಲದಿದ್ದರೆ ಈ ದನಿಯಲ್ಲಿ ಅದು ಇನ್ನೆಂದೂ ಮುಗಿಯುವಂತಿರಲಿಲ್ಲ. ದಿನಕ್ಕೆ ಇಷ್ಟೇ ಹೊತ್ತು ಮಾತಾಡಬೇಕೆಂದು ಡಾಕ್ಟರು ಹೇಳಿದ್ದರಿಂದ, ಮನೆಯಲ್ಲಿ ಸನ್ನೆ ಮಾಡಿ ಬದುಕಿದಳು. ಉಳಿಸಿದ ಮಾತನ್ನೆಲ್ಲ ಕಾದಂಬರಿಗೆ ಕೊಟ್ಟಳು.

ಆಗಲೇ ಅವಳಿಗೆ ಆ ಮುಚ್ಚಿದ ಕಣ್ಣು ಚುಚ್ಚತೊಡಗಿದ್ದು. ಇವನಿಗೆ ಬೇಕಾದ್ದು ದನಿ ಅಲ್ಲವೇ? ದನಿ ಹೋದ ಮೇಲೆ ಈ ಗಾಜಿನ ಆಚೆ ಯಾಕೆ ಕೂರುತ್ತಾನೆ?

ಒಂದು ದಿನ ಚಿಕ್ಕಮ್ಮ ಸಿಡಿಮಿಡಿಗುಟ್ಟುತ್ತ ಬಂದರು. “ನೋಡೇ, ಆ ಮುಗುಮ್‌ರಾಯ ಡಿಸ್ಕ್ ತುಂಬಾ ಖಾಲಿ ಫೈಲು ಮಾಡಿಟ್ಟಿದಾನೆ. ತೆರೆದು ನೋಡಿದ್ರೆ ಒಳಗೆ ಸೊನ್ನೆ. ಹೊರಗೆ ನೋಡಿದ್ರೆ ಆನೆಗಾತ್ರ! ಮಕ್ಕಳ ಕಥೆ ಹಾಕೋಕೆ ಅಂಗೈಯಗಲ ಜಾಗ ಇಲ್ಲ ನನಗೆ.”

“ನಾನು ಕೇಳ್ತೀನಿ ಬಿಡಿ,” ಎಂದು ಪಿಸುಗುಟ್ಟಿ ಹೋದಳು. ಹೋಗಲು ನೆಪ ಸಿಕ್ಕಿದ್ದಕ್ಕೆ ಒಳಗೊಳಗೇ ಖುಷಿ.

ಅವನು ನೆಲದ ಮೇಲೆ ಕೂತು ವೈರುಗಳಿಗೆ ಚೀಟಿ ಅಂಟಿಸುತ್ತಿದ್ದ.

“ಏನ್ರೀ, ಖಾಲಿ ಫೈಲಿನ ವ್ಯಾಪಾರ ಶುರು ಮಾಡಿದೀರಂತೆ?”

ಅವನ ಕತ್ತು ಕೆಂಪಾಯಿತು, ಆಮೇಲೆ ಕಿವಿ. “ಖಾಲಿ ಅಲ್ಲ. ಮುಂದೆ ತುಂಬೋದು. ಒಂದು ಭಾಗಕ್ಕೆ ಎಷ್ಟು ಬೇಕು ಅಂತ ಲೆಕ್ಕ ಹಾಕಿ, ಅಷ್ಟನ್ನೂ ಮೊದಲೇ ಹಿಡಿದಿಡ್ತೀನಿ. ಬೇರೆ ಯಾರು ಏನು ತಂದು ಸುರಿದ್ರೂ ಆ ಜಾಗ ಮುಟ್ಟೋಕಾಗಲ್ಲ. ಅಲ್ಲೊಂದು ಚೂರು ಇಲ್ಲೊಂದು ಚೂರು ಅಲ್ಲ, ಆದಷ್ಟೂ ಒಂದೇ ಕಡೆ, ಉದ್ದಕ್ಕೆ.”

“ಯಾರಿಗೆ?”

ಅವನು ವೈರಿನ ಕಡೆ ನೋಡುತ್ತ ಹೇಳಿದ. “ನಿಮಗೆ.”

“ಎಲ್ಲಾ ಓದುವವರಿಗೂ ಹೀಗೇ ಹಿಡಿದಿಡ್ತೀರಾ?”

ಅವನು ಚೀಟಿಯೊಂದನ್ನು ತಪ್ಪು ವೈರಿಗೆ ಅಂಟಿಸಿದ. ಅದೇ ಉತ್ತರ. ಅವಳು ನಗುವನ್ನು ಕಚ್ಚಿ ಹಿಡಿದು ಹೊರಗೆ ಬಂದಳು.

ಚಿಕ್ಕಮ್ಮ, “ಏನಂತೆ?” ಎಂದರು. ನೇರವಾಗಿ ಹೇಳಿಬಿಡಬಹುದಿತ್ತು. ಆದರೆ ಇಷ್ಟು ಸಿಹಿಯಾದ್ದನ್ನು ಕೈಗೆ ಸಿಕ್ಕ ಕ್ಷಣವೇ ಹಂಚಿಬಿಡುವುದೇ? “ಏನೋ ಮಷೀನಿನ ವಿಷಯ, ಚಿಕ್ಕಮ್ಮ,” ಎಂದು ಹಾರಿಸಿಬಿಟ್ಟಳು. ನೋಡಿ, ಎಡವಟ್ಟಾದದ್ದು ಅಲ್ಲೇ.

ಕೊನೆಯ ದಿನ ಬಂತು. ನಾಳೆ ಆಸ್ಪತ್ರೆಗೆ ಸೇರಬೇಕು, ನಾಳಿದ್ದು ಆಪರೇಷನ್. ಬಾಕಿ ಇದ್ದದ್ದು ಒಂದೇ ಅಧ್ಯಾಯ. ಕಿಟಕಿಯ ಬಿಸಿಲು ಅಂದು ಹಾಲಿನ ಕೆನೆಯ ಹಾಗೆ ಮೆತ್ತಗಿತ್ತು. ಅವಳು ಬಿಸಿನೀರು ಗುಟುಕರಿಸಿ ಓದತೊಡಗಿದಳು. ಆಚೆ ಅವನು ಕಣ್ಣು ಮುಚ್ಚಿದ.

ಕೊನೆಯ ಪುಟಕ್ಕೆ ಬಂದಿದ್ದಳು. ಗಾಜಿನ ಆಚೆ ಬಾಗಿಲು ತೆರೆದು ಚಿಕ್ಕಮ್ಮ ಒಳಗೆ ಬಂದದ್ದು ಕಂಡಿತು. ಮುಖ ತುಂಬಾ ಗೆದ್ದ ನಗು. ಕೈ ಆಡಿಸಿ ಏನೋ ಹೇಳಿದರು. ಅವನ ಕಣ್ಣು ಫಟ್ಟನೆ ತೆರೆಯಿತು. ಮುಖ ಬಿಳಿಚಿತು. ಅವನು ಪರದೆಗೆ ಬಾಗಿ ಏನೋ ಒತ್ತಿ ನೋಡಿದ. ಮತ್ತೆ ಒತ್ತಿದ. ಆಮೇಲೆ ಅವಳ ಹೆಡ್‌ಫೋನಿನಲ್ಲಿ ಅವನ ದನಿ ಬಂತು.

“ನಿಲ್ಲಿಸಬೇಡಿ. ಏನೇ ಆದ್ರೂ ಓದ್ತಾ ಇರಿ. ಚಿಕ್ಕಮ್ಮನವರು ಖಾಲಿ ಫೈಲು ಅಂತ ನಿಮ್ಮ ಫೈಲನ್ನೇ ಅಳಿಸಿಬಿಟ್ಟಿದಾರೆ. ಕೊನೆಯ ಭಾಗ, ಪೂರ್ತಿ.”

ಆದರೂ ಓದಿದಳು. ಕಣ್ಣು ಅಕ್ಷರದ ಮೇಲೆ, ಕಿವಿ ಅವನ ಮೇಲೆ.

“ಹೆಸರು ಮಾತ್ರ ಹೋಗಿದೆ. ಪ್ರೋಗ್ರಾಂ ಇನ್ನೂ ಆ ಫೈಲನ್ನ ಹಿಡ್ಕೊಂಡಿದೆ. ಅದು ಬಿಡೋ ತನಕ ಸಿಸ್ಟಮ್ ಆ ಜಾಗಾನ ಯಾರಿಗೂ ಕೊಡಲ್ಲ. ಅಷ್ಟರಲ್ಲಿ ನಾನು ಒಳಗಿಂದ ಎಲ್ಲಾ ಬೇರೆ ಡಿಸ್ಕಿಗೆ ತಗೋತೀನಿ. ನೀವು ಸುಮ್ಮನಾದ್ರೆ ಮಾತ್ರ ಒಂದು ನಿಮಿಷಕ್ಕೆ ಅದು ಫೈಲ್ ಮುಚ್ಚುತ್ತೆ. ಆಮೇಲೆ ದೇವರೇ ಗತಿ. ಆ ನಿಯಮ ನಡುವೆ ಬದಲಾಯಿಸೋಕೆ ಬರಲ್ಲ. ನಾನು ಮಷೀನ್ ರೂಮಿಗೆ ಓಡ್ತೀನಿ. ಅಲ್ಲಿ ನನಗೇನೂ ಕೇಳಿಸಲ್ಲ, ನೀವು ಮಾತಾಡ್ತಾನೇ ಇರಿ.”

ಓಡಿದ.

ಅವಳು ಕೊನೆಯ ಸಾಲು ಓದಿದಳು. ಕಾದಂಬರಿ ಮುಗಿಯಿತು. ಹೀಗೆ ಮುಗಿದಾಗ ಕಣ್ಣೀರು ಬರುತ್ತದೆ ಎಂದುಕೊಂಡಿದ್ದಳು. ಅದಕ್ಕೀಗ ಪುರುಸೊತ್ತೆಲ್ಲಿ? ಬರೀ ಸದ್ದಿಗೆ ಮೇಜು ಕುಟ್ಟಿದ್ದರೂ ಸಾಕಾಗುತ್ತಿತ್ತೋ ಏನೋ. ಆ ಗಾಬರಿಯಲ್ಲಿ ಯಾರಿಗೆ ಹೊಳೆಯುತ್ತದೆ? ಮಾತಾಡಿ ಎಂದಿದ್ದ, ಮಾತಾಡಿದಳು.

“ಕೇಳುಗರೇ… ಅಯ್ಯೋ, ಕೇಳುಗರು ಯಾರೂ ಇಲ್ಲ. ಏನು ಮಾತಾಡ್ಲಿ? ನನ್ನ ಎಡಗಾಲಿನ ಚಪ್ಪಲಿ ಕಚ್ಚುತ್ತೆ. ಮೇಲಿನ ಮನೆಯವರು ಬೆಳಿಗ್ಗೆ ಬೆಳಿಗ್ಗೆ ಕುರ್ಚಿ ಎಳೀತಾರೆ. ನಮ್ಮಮ್ಮ ಫೋನ್ ಮಾಡಿ ಊಟ ಆಯ್ತಾ ಅಂತ ಮಾತ್ರ ಕೇಳ್ತಾಳೆ, ಗಂಟಲಿನ ವಿಷಯ ಎತ್ತಲ್ಲ. ಫೋನಿಟ್ಟ ಮೇಲೆ ಅಳ್ತಾಳೆ, ನಂಗೊತ್ತು.”

ದನಿ ಸ್ವಲ್ಪ ನಡುಗಿತು. ನಿಲ್ಲಿಸುವಂತಿರಲಿಲ್ಲ.

“ನಂಗೂ ಭಯ ಆಗ್ತಿದೆ. ಆಪರೇಷನ್ನಿಗಲ್ಲ. ಚಿಕ್ಕಂದಿನಿಂದ ಎಲ್ಲರೂ ನನ್ನ ದನೀನೇ ಮೆಚ್ಚಿದ್ದು. ಮುಖಾನ ಯಾರೂ ಮೆಚ್ಚಿಲ್ಲ, ಅಡುಗೆ ಮಾತಂತೂ ಬಿಡಿ. ಮುಗುಮ್‌ರಾಯರೇ, ನೀವೂ ಅಷ್ಟೇ. ನಿಮಗೆ ಕೇಳಿಸ್ತಿಲ್ಲ, ಅದಕ್ಕೇ ಹೇಳ್ತಿದೀನಿ. ನಾನು ಬಾಯಿ ತೆರೆದ್ರೆ ನೀವು ಕಣ್ಣು ಮುಚ್ಕೋತೀರಿ. ಎದುರಿಗೇ ಕೂತು ನನ್ನ ಮುಖ ನೋಡದೇ ಇರೋ ಮನುಷ್ಯ! ನೀವು ಜಾಗ ಹಿಡಿದಿಟ್ಟಿದ್ದು ಈ ದನಿಗೆ. ನಾಳಿದ್ದು ಅದು ಹೊರಟುಹೋದ್ರೆ ಉಳಿಯೋದು ಬರೀ ನಾನು. ಬರೀ ನಾನು ಸಾಕಾ ನಿಮಗೆ ಅಂತ ಕೇಳೋ ಧೈರ್ಯ ನನಗಿಲ್ಲ ಕಣ್ರೀ.”

ಬಿಸಿನೀರು ತಣ್ಣಗಾಗಿತ್ತು. ಒಂದು ಗುಟುಕು ನುಂಗಿ, ಮೈಕಿಗೆ ಇನ್ನಷ್ಟು ಹತ್ತಿರ ಬಾಗಿದಳು.

“ಇಷ್ಟ. ನೀವು ಅಂದ್ರೆ ನಂಗೆ ತುಂಬಾ ಇಷ್ಟ. ನಿಮ್ಮ ನಗು ತಡವಾಗಿ ಬರುತ್ತಲ್ಲ, ಅದಿಷ್ಟ. ಧೂಳು ಒರೆಸೋಕೆ ಹೋಗಿ ಮುಖಕ್ಕೆಲ್ಲ ಬಳ್ಕೋತೀರಲ್ಲ, ಅದೂ ಇಷ್ಟ. ಬೆಳಿಗ್ಗೆ ಬರುವಾಗ ನಿಮ್ಮ ಸೈಕಲ್ ಕೆಳಗಿದ್ರೆ ಮೆಟ್ಟಿಲು ಹತ್ತಿದ್ದೇ ಗೊತ್ತಾಗಲ್ಲ…”

ಯಾಕೋ ತಲೆಯೆತ್ತಿದಳು. ಗಾಜಿನ ಆಚೆ ಚಿಕ್ಕಮ್ಮ, ಬಾಯಿಗೆ ಸೆರಗು ಒತ್ತಿಕೊಂಡು, ಕಣ್ಣು ಅಗಲಿಸಿ ನಿಂತಿದ್ದರು. ಗೋಡೆಯ ಮೇಲಿನ ಸ್ಪೀಕರಿನ ಹಸಿರು ದೀಪ ಉರಿಯುತ್ತಿತ್ತು.

ಆದರೆ ಮಾತು ನಿಲ್ಲಿಸುವ ಹಾಗಿಲ್ಲವಲ್ಲ!

“ಚಿಕ್ಕಮ್ಮ, ಸ್ಪೀಕರ್ ಹಾಕಿದೀರಾ?”

ಚಿಕ್ಕಮ್ಮ ಅಪರಾಧಿಯ ಹಾಗೆ ತಲೆಯಾಡಿಸಿದರು. ಅವಳು ಮಾತಾಡುತ್ತಿದ್ದಾಳೋ ಇಲ್ಲವೋ ತಿಳಿಯಲೆಂದು ಹಾಕಿದ್ದು.

“ಅದರ ಸದ್ದು ಮಷೀನ್ ರೂಮಿಗೂ ಹೋಗುತ್ತಾ?”

ಚಿಕ್ಕಮ್ಮ ಇನ್ನೂ ಜೋರಾಗಿ ತಲೆಯಾಡಿಸಿದರು.

“ಅಯ್ಯಯ್ಯೋ! ನನ್ನ ಮಾನ ಹೋಯ್ತು. ಇನ್ನೇನು ಉಳೀತು? ಮಾತಾಡು ಅಂದ್ರಲ್ಲ, ಮಾತಾಡ್ತಾನೇ ಇದೀನಿ. ಕೇಳಿಸ್ಕೊಂಡ್ರಾ, ಮುಗುಮ್‌ರಾಯರೇ? ಕೇಳಿಸ್ಕೊಳ್ಳಿ. ಯಾರಾದ್ರೂ ಬೇಗ ಬಂದು ನನ್ನ ನಿಲ್ಲಿಸ್ರಪ್ಪಾ…”

ಬಾಗಿಲು ತೆರೆಯಿತು. ಅವನು ಏದುಸಿರು ಬಿಡುತ್ತ ನಿಂತಿದ್ದ. ಅಂಗಿ ಒದ್ದೆಯಾಗಿತ್ತು.

“ಸಾಕು,” ಎಂದ. “ಪೂರ್ತಿ ಸಿಕ್ತು.”

ಅವಳು ಮೇಜಿನ ಮೇಲೆ ತಲೆಯಿಟ್ಟು ಸುಮ್ಮನಾದಳು. ಚಿಕ್ಕಮ್ಮ ಆಚೆಯಿಂದ ಸ್ಪೀಕರ್ ಆರಿಸಿ, ಎಂದೂ ಇಲ್ಲದ ಜಾಣತನದಿಂದ ಕಾರಿಡಾರಿಗೆ ಹೋದರು.

ಗಾಜಿನ ಆಚೆಯ ಮೇಜಿನಲ್ಲಿ ಅಕ್ಕಪಕ್ಕ ಕೂತು ಫೈಲ್ ತೆರೆದು ನೋಡಿದರು. ಮೊದಲಿನಿಂದ ಕೊನೆಯವರೆಗೆ ಎಲ್ಲವೂ ಇತ್ತು.

“ಕಾದಂಬರಿ ಇಲ್ಲಿಗೆ ಮುಗಿಯುತ್ತೆ,” ಎಂದು ಪರದೆಯ ಮೇಲೆ ಬೆರಳಿಟ್ಟ. “ಇಲ್ಲಿಂದಾಚೆಗಿಂದು… ಆಮೇಲೆ ಹೇಳಿದ್ದು.”

“ಅದನ್ನ ಕತ್ತರಿಸಿ ಬಿಸಾಕಿ,” ಎಂದಳು, ಬೇರೆಲ್ಲೋ ನೋಡುತ್ತ. ಅವನು ಬೇಡ ಅನ್ನಲಿ ಎಂದು ಮನಸ್ಸು ಒಳಗೇ ಹರಕೆ ಹೊತ್ತಂತೆ ಕಾಯುತ್ತಿತ್ತು.

ಅವನು ಬೇಡ ಅನ್ನಲಿಲ್ಲ. ಅಷ್ಟನ್ನೂ ಗುರುತು ಮಾಡಿ ಕತ್ತರಿಸಿದ. ಓದುವ ಕೋಣೆಗೆ ಹೋಗಿ, ಹಳೆಯ ಫೈಲನ್ನು ಹಿಡಿದುಕೊಂಡಿದ್ದ ಪ್ರೋಗ್ರಾಂ ಕೂಡ ಮುಚ್ಚಿ ಬಂದ. “ಆಯ್ತು. ಇನ್ನೆಲ್ಲೂ ಇಲ್ಲ. ನಕಲೂ ಇಲ್ಲ.”

ಅಳಿಸು ಅನ್ನುವುದು ಬೇರೆ, ಅಳಿಸಿದ್ದನ್ನು ನೋಡುವುದು ಬೇರೆ.

“ಅಷ್ಟು ಸುಲಭವಾಗಿ ಅಳಿಸಿಬಿಟ್ರಲ್ಲ! ಈ ದನೀಲಿ ಅದನ್ನ ಹೇಳಿದ್ದು ಅದೊಂದೇ ಸಲ. ಇನ್ಮೇಲೆ ಈ ದನಿ ಇರುತ್ತೋ ಇಲ್ವೋ. ಇಟ್ಕೋಬೇಕು ಅನ್ನಿಸ್ಲೇ ಇಲ್ವಾ ನಿಮಗೆ?”

“ಅನ್ನಿಸ್ತು. ತುಂಬಾ ಅನ್ನಿಸ್ತು. ಅದಕ್ಕೇ ಅಳಿಸಿದೆ.”

ಅವನು ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡ. ಮಾತು ಹುಡುಕಿ ಹುಡುಕಿ ತಂದ.

“ಇಟ್ಕೊಂಡಿದ್ರೆ ಅದನ್ನೇ ಕೇಳ್ತಾ ಕೂತಿರ್ತಿದ್ದೆ. ನಾಳೆ ನೀವು ಎದುರಿಗೆ ಬಂದು ಮಾತಾಡಿದ್ರೂ ಅದಕ್ಕೇ ಹೋಲಿಸ್ತಿದ್ದೆ. ನನಗದು ಬೇಡ. ಅದನ್ನ ನಿಮ್ಮ ಬಾಯಿಂದ ಮತ್ತೆ ಕೇಳ್ಬೇಕು. ಆಪರೇಷನ್ ಆದ್ಮೇಲೆ ಯಾವ ದನಿ ಬರುತ್ತೋ ಆ ದನೀಲಿ. ಒಡಕಲಾಗಿದ್ರೆ ಒಡಕಲು. ದನಿ ಬರದೇ ಹೋದ್ರೆ ಸನ್ನೇಲಿ.”

ಅವಳೂ ತನ್ನ ಕುರ್ಚಿಯನ್ನು ಅವನ ಕಡೆ ತಿರುಗಿಸಿಕೊಂಡಳು.

“ಮತ್ತೆ… ಕಣ್ಣು ಮುಚ್ಕೊಳ್ಳೋದು,” ಎಂದು ಕತ್ತು ಕೆರೆದುಕೊಂಡ. “ಮೊದಲ ದಿನ ತೆರೆದೇ ಇದ್ದೆ. ನಿಮ್ಮನ್ನ ನೋಡ್ತಾ ಕೂತು ಎರಡು ಕೆಮ್ಮು, ಒಂದು ಸೀನು ಗುರುತು ಹಾಕದೇ ಬಿಟ್ಟಿದ್ದೆ. ಚಿಕ್ಕಮ್ಮನವರ ಹತ್ರ ಬೈಸ್ಕೊಂಡೆ. ಕಣ್ಣು ತೆರೆದ್ರೆ ನನ್ನ ಕೈಲಿ ಕೆಲಸ ಆಗಲ್ಲ. ಅಷ್ಟೇ ಕಾರಣ.”

ಅವಳು ನಕ್ಕಳು. ನಗುತ್ತಲೇ ಅತ್ತಳು. ಅವನು ಜೇಬಿನಿಂದ ಯಂತ್ರ ಒರೆಸುವ ಬಟ್ಟೆ ತೆಗೆದು ಕೊಟ್ಟ. ಅದರ ಮಸಿ ಅವಳ ಕೆನ್ನೆಗೆ ಬಳಿಯಿತು. ಈ ಸಲ ಅವನು ನೋಡುತ್ತಲೇ ಇದ್ದ.

“ಈಗ ನೀವು ಒಂದೂ ಮಾತಾಡಬೇಡಿ,” ಎಂದ. “ಗಂಟಲಿಗೆ ಸಾಕಾಗಿದೆ. ನಾನು ಮಾತಾಡ್ತೀನಿ.”

ಮಾತಾಡಿದ. ಕತ್ತಲಾಗುವ ತನಕ ಮಾತಾಡಿದ. ಕಾರಿಡಾರಿನಲ್ಲಿ ಚಿಕ್ಕಮ್ಮ ತಮ್ಮ ಕಿವಿಯನ್ನೇ ನಂಬದೆ ಎರಡು ಸಲ ಬಾಗಿಲ ಸಂದಿಯಿಂದ ಇಣುಕಿ ಹೋದರು.

ಆಪರೇಷನ್ ಆಯಿತು. ವಾರಗಟ್ಟಲೆ ಮಾತು ನಿಷಿದ್ಧ. ಅವನು ದಿನಾ ಸಂಜೆ ಅವಳ ಮನೆಗೆ ಬಂದ. ಅವಳ ತಾಯಿಗೆ ಮೊದಮೊದಲು ಅನುಮಾನ, ಆಮೇಲೆ ಅಭ್ಯಾಸ, ಕೊನೆಗೆ ಅವನು ಹತ್ತು ನಿಮಿಷ ತಡ ಮಾಡಿದರೆ ಕಿಟಕಿಗೆ ಬಂದು ನಿಲ್ಲುವಷ್ಟಾಯಿತು. ಕಾದಂಬರಿ ಎಲ್ಲರಿಗೂ ತಲುಪಿ, ಕೇಳುಗರೆಲ್ಲ ಅತ್ತು ಫೋನ್ ಮಾಡಿದ್ದನ್ನು ಅವನು ಒಬ್ಬೊಬ್ಬರ ಹಾಗೆ ನಟಿಸಿ ಹೇಳಿದ. ಅವಳು ಬಾಯಿ ಮುಚ್ಚಿಕೊಂಡು ನಕ್ಕಳು.

ಒಂದು ದಿನ ಡಾಕ್ಟರು ಹೇಳಿದರು, “ಇವತ್ತಿಂದ ದಿನಕ್ಕೆ ಒಂದು ವಾಕ್ಯ. ಒಂದೇ. ಹೆಚ್ಚಿಲ್ಲ.”

ಅಂದು ಬೆಳಗಿನಿಂದ ಅವಳು ಆ ಒಂದು ವಾಕ್ಯವನ್ನು ಯಾರಿಗೂ ಕೊಡಲಿಲ್ಲ. ತಾಯಿ ಬೇಡಿಕೊಂಡರೂ ಇಲ್ಲ, ಚಿಕ್ಕಮ್ಮ ಫೋನಿನಲ್ಲಿ ಗೋಗರೆದರೂ ಇಲ್ಲ. ಸಂಜೆ ಅವನು ಬಂದು ಕುರ್ಚಿಯಲ್ಲಿ ಕೂತ. ಒಳಗಿಂದ ಏನು ಬರುತ್ತದೋ ಅವಳಿಗೇ ಗೊತ್ತಿರಲಿಲ್ಲ.

“ನೀವು ಅಂದ್ರೆ ನಂಗಿಷ್ಟ,” ಎಂದಳು.

ದನಿ ಬಂತು. ಆದರೆ ಅವಳದಲ್ಲ. ತಗ್ಗಿನದು, ಒರಟು, ಕಲ್ಲಿನ ಮೇಲೆ ಕಲ್ಲು ಎಳೆದ ಹಾಗೆ. ಅವಳೇ ಬೆಚ್ಚಿದಳು. ಕಣ್ಣು ತುಂಬಿ ಬಂತು. ಅವನ ಮುಖ ನೋಡಲು ಹೆದರಿ, ಆದರೂ ನೋಡಿದಳು.

ಅವನ ಮುಖ ಮಗುವಿನ ಹಾಗೆ ಅರಳಿತ್ತು.

“ಇನ್ನೊಂದ್ ಸಲ ಹೇಳಿ,” ಎಂದ.

ಅವಳು ಆಗಲ್ಲ ಎಂದು ತಲೆಯಾಡಿಸಿ, ಗಂಟಲು ತೋರಿಸಿ, ನಾಳೆ ಎಂದು ಸನ್ನೆ ಮಾಡಿದಳು.

“ಸರಿ, ನಾಳೆ ಬರ್ತೀನಿ,” ಎಂದ ಮುಗುಮ್‌ರಾಯ. ಅಂದವನು ಕುರ್ಚಿಯಿಂದ ಏಳಲೇ ಇಲ್ಲ.